ಹಾಡು ಬರೆದೇ ಬದುಕಬೇಕು ಅಂತ ಹೊರಟವರಿಗೆ: ಪೆಟ್ಟಿನ ಮೇಲೆ ಪೆಟ್ಟು ಬಿದ್ದಾಗ ಏನು ಮಾಡಿದಿರಿ?

ಮೂರನೇ ಚರಣ

ಎಲ್ಲರಿಗೂ ನಮಸ್ಕಾರ. ನಾನು ಹಾಡಿಗೆ ಸಾಹಿತ್ಯ ಬರೆಯುತ್ತೇನೆ. ಶುರು ಮಾಡಿ ವರ್ಷಗಳೇ ಕಳೆದವು. ಸಣ್ಣಪುಟ್ಟ ಕೆಲಸ ಸಿಕ್ಕಿದೆ. ಜನ ಗುರುತಿಸುವಂಥ ಹಾಡು ಇನ್ನೂ ಆಗಿಲ್ಲ.

ಈಚೆಗೆ ನಡೆದದ್ದು ಹೇಳುತ್ತೇನೆ. ಒಬ್ಬ ಸಂಗೀತ ನಿರ್ದೇಶಕರು ಟ್ಯೂನ್ ಕಳಿಸಿದರು. ಬರೆದೆ. ಮತ್ತೆ ಮತ್ತೆ ತಿದ್ದಿಸಿದರು, ತಿದ್ದಿಕೊಟ್ಟೆ. ಟ್ರ್ಯಾಕ್ ಹಾಡಿಸಿ ಕಳಿಸಿದರು, ಮನೆಯವರಿಗೆಲ್ಲ ಕೇಳಿಸಿದೆ. ಕೊನೆಗೆ ಹಾಡು ಹೊರಗೆ ಬಂದಾಗ ಅದೇ ಟ್ಯೂನಿಗೆ ಬೇರೆಯವರ ಸಾಹಿತ್ಯ. ಒಂದು ಫೋನ್ ಇಲ್ಲ, ಒಂದು ಮೆಸೇಜ್ ಇಲ್ಲ. ದುಡ್ಡಿನ ಮಾತಂತೂ ಬರಲೇ ಇಲ್ಲ.

ಇದು ಮೊದಲ ಪೆಟ್ಟೇನಲ್ಲ. ಆದರೆ ಈ ಸಲ ಪೆನ್ನು ಹಿಡಿಯೋಕೆ ಕೈಯೇ ಏಳುತ್ತಿಲ್ಲ. ಧೈರ್ಯ ಹೇಳುವವರು ನನ್ನ ಸುತ್ತ ಬೇಕಾದಷ್ಟಿದ್ದಾರೆ, ಒಳ್ಳೆಯವರೇ. ನನಗೆ ಬೇಕಾಗಿರುವುದು ಬೇರೆ. ಇಂಥದ್ದನ್ನು ದಾಟಿ ಬಂದವರು ಮರುದಿನ ಎದ್ದು ಏನು ಮಾಡಿದಿರಿ? ಅದನ್ನು ಹೇಳಿ.

ಹಳೆ ಹಾರ್ಮೋನಿಯಂ

ನಿಮ್ಮ ನೋವು ಅರ್ಥವಾಗುತ್ತದೆ. ಈ ಕೆಲಸದಲ್ಲಿ ಇರುವವರಲ್ಲಿ ಇದು ಆಗದೇ ಇರುವವರು ಕಡಿಮೆ. ಫೋನ್ ಮಾಡದೇ ಇದ್ದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಾಡು ಬದಲಾದದ್ದಕ್ಕೆ ಕಾರಣ ನಿಮ್ಮ ಸಾಲುಗಳೇ ಅಂತ ದಯವಿಟ್ಟು ತೀರ್ಮಾನ ಮಾಡಬೇಡಿ. ಹಾಡುವವರು ಬದಲಾಗಿರಬಹುದು. ಹಾಡಿನ ಸಂದರ್ಭವೇ ಬದಲಾಗಿರಬಹುದು. ದುಡ್ಡು ಹಾಕುವವರಿಗೆ ಪರಿಚಯದ ಇನ್ನೊಬ್ಬರಿರಬಹುದು. ಒಳಗಿನ ವಿಷಯ ನಮ್ಮ ತನಕ ಬರುವುದೇ ಇಲ್ಲ.

ಮರುದಿನ ಏನು ಮಾಡಬೇಕು ಅಂದಿರಲ್ಲ. ಮೊದಲು ಆ ಸಾಹಿತ್ಯವನ್ನು ಒಂದು ಫೈಲಿನಲ್ಲಿ ಎತ್ತಿಡಿ. ನೀವು ಹಕ್ಕು ಬಿಟ್ಟುಕೊಟ್ಟಿಲ್ಲ, ಸಹಿ ಹಾಕಿಲ್ಲ, ದುಡ್ಡೂ ತಗೊಂಡಿಲ್ಲ ಅಂದರೆ ಆ ಸಾಲುಗಳು ನಿಮ್ಮವೇ. ಟ್ಯೂನ್ ಅವರದು, ಅದನ್ನು ಮುಟ್ಟುವ ಹಾಗಿಲ್ಲ. ಮಾತು ನಿಮ್ಮದು. ಬೇರೆ ಸಂಯೋಜಕರ ಜೊತೆ ಕೂತು ಅದಕ್ಕೆ ಹೊಸ ಟ್ಯೂನ್ ಮಾಡಿಸಬಹುದು.

ಲಿಯೊನಾರ್ಡ್ ಕೋಹೆನ್ ಹೆಸರು ಕೇಳಿರುತ್ತೀರಿ. ‘ಹಾಲೆಲೂಯಾ’ ಅವರ ಹಾಡು. ವರ್ಷಗಟ್ಟಲೆ ಬರೆದು ಬರೆದು ಹೊಡೆದುಹಾಕಿದ ಹಾಡು ಅದು. 1984ರ ಆಲ್ಬಮ್ಮಿನಲ್ಲಿತ್ತು. ಆ ಇಡೀ ಆಲ್ಬಮ್ಮನ್ನು ಅಮೆರಿಕದ ಅವರದೇ ಕಂಪನಿ ಬೇಡ ಅಂದುಬಿಟ್ಟಿತು. ಅವರು ಆಗಲೇ ಹೆಸರು ಮಾಡಿದ್ದವರು, ಐವತ್ತರ ವಯಸ್ಸು. 1991ರಲ್ಲಿ ಜಾನ್ ಕೇಲ್ ಅದನ್ನು ಹಾಡಿದರು, 1994ರಲ್ಲಿ ಜೆಫ್ ಬಕ್ಲಿ ಹಾಡಿದರು. ಆಮೇಲೆ ಜಗತ್ತೇ ಹಾಡಿತು. ಬೇಡ ಅಂದಾಗಲೂ ಅದು ಅದೇ ಹಾಡು, ಎಲ್ಲರೂ ಹಾಡುವಾಗಲೂ ಅದೇ ಹಾಡು. ಸರಿಯಾದ ಗಂಟಲು ಸಿಗೋಕೆ ಅಷ್ಟು ಕಾಲ ಹಿಡಿಯಿತು. ಕೋಹೆನ್ ಅಷ್ಟರಲ್ಲಿ ಸುಮ್ನೆ ಕೂತಿರಲಿಲ್ಲ. 1988ರಲ್ಲಿ ಇನ್ನೊಂದು ಆಲ್ಬಮ್ ಮಾಡಿದರು, 1992ರಲ್ಲಿ ಮತ್ತೊಂದು.

ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಆ ಕೊನೆಯ ಭಾಗ. ಒಂದು ಹಾಡಿನ ಗತಿ ಏನಾಯಿತು ಅಂತ ಕಾಯುತ್ತಾ ಕೂರಲಿಲ್ಲ ಅವರು.

ಸ್ಟುಡಿಯೋ ಕಿವಿ

ನಾನು ಹಾಡು ರೆಕಾರ್ಡ್ ಮಾಡುವ ಕಡೆ ಕೂರುವವನು. ಹಾರ್ಮೋನಿಯಂ ಅವರ ಮಾತು ಒಪ್ಪುತ್ತೇನೆ, ಅರ್ಧ ಮಾತ್ರ. ಎಷ್ಟೋ ಸಲ ಕಾರಣ ಸಾಲುಗಳಲ್ಲೇ ಇರುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಚೆನ್ನಾಗಿದೆ, ಹೇಳ್ತೀವಿ’ ಅಂತಾರೆ, ಅಷ್ಟೇ. ಬರೆಯುವವರು ವರ್ಷಗಟ್ಟಲೆ ಅದೇ ತೊಂದರೆ ಇಟ್ಟುಕೊಂಡೇ ಬರೆಯುತ್ತಿರುತ್ತಾರೆ. ಪಟ್ಟು ಬಿಡದಿರುವುದು ಒಳ್ಳೆಯದೇ. ಆದರೆ ಪ್ರತಿ ಪೆಟ್ಟಿನಿಂದ ಒಂದು ವಿಷಯ ಹೊರಗೆ ತೆಗೆಯದಿದ್ದರೆ ಬರೀ ವಯಸ್ಸಾಗುತ್ತದೆ.

ನಾನು ಜಾಸ್ತಿ ನೋಡುವ ತೊಂದರೆ ಹೇಳುತ್ತೇನೆ. ಕಾಗದದ ಮೇಲೆ ಸಾಲು ಚೆಂದ ಇರುತ್ತದೆ. ಹಾಡಿದಾಗ ಕೆಡುತ್ತದೆ. ಟ್ಯೂನಿನಲ್ಲಿ ಸ್ವರ ಉದ್ದ ನಿಲ್ಲುವ ಜಾಗದಲ್ಲಿ ಗಿಡ್ಡ ಅಕ್ಷರ ಕೂರಿಸಿರುತ್ತಾರೆ. ಒಂದು ಹಾಡಿನಲ್ಲಿ ‘ಬಳೆಯ ಸದ್ದು’ ಅಂತ ಇತ್ತು. ‘ಬ’ ಮೇಲೆ ಸ್ವರ ಎಳೆಯುತ್ತಿತ್ತು. ಹಾಡುಗಾರ್ತಿ ಎಷ್ಟು ಜಾಗರೂಕತೆಯಿಂದ ಹಾಡಿದರೂ ಸ್ಪೀಕರಿನಲ್ಲಿ ಕೇಳಿಸಿದ್ದು ‘ಬಾಳೆಯ ಸದ್ದು’. ಕೂತಿದ್ದವರೆಲ್ಲ ನಕ್ಕರು. ಬರೆದವರು ಅಲ್ಲಿರಲಿಲ್ಲ. ಆ ಸಾಲನ್ನು ಅಲ್ಲೇ ಯಾರೋ ಬದಲಿಸಿದರು, ಒಂದು ಸಾಲು ಹೋಗಿ ನಾಲ್ಕಾಯಿತು. ಬರೆದವರಿಗೆ ತಮ್ಮ ಹಾಡು ಯಾಕೆ ಹೋಯಿತು ಅಂತ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.

ಅದಕ್ಕೇ ಹೇಳುವುದು, ಬರೆದದ್ದನ್ನು ಕಳಿಸುವ ಮುಂಚೆ ನೀವೇ ಹಾಡಿ. ಸ್ವರ ಚೆನ್ನಾಗಿರಬೇಕು ಅಂತೇನಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಕಾಗದ ನೋಡದೆ ಕೇಳಿ. ಎಲ್ಲಿ ಮಾತು ತಿಳಿಯುವುದಿಲ್ಲವೋ ಅಲ್ಲಿ ತಿದ್ದಿ. ಮೇಲಿನ ಸ್ಥಾಯಿಯಲ್ಲಿ ಸ್ವರ ನಿಲ್ಲುವಾಗ ‘ಆ’, ‘ಓ’ ಬಂದರೆ ಗಂಟಲು ಬಿಚ್ಚುತ್ತದೆ. ‘ಇ’, ‘ಉ’ ಬಂದರೆ ಎಷ್ಟೋ ಹಾಡುಗಾರರಿಗೆ ಹಿಂಸೆ. ಇಂಥದ್ದು ಗೊತ್ತಿರುವವರನ್ನು ಮತ್ತೆ ಕರೆಯುತ್ತಾರೆ.

ನಿಮ್ಮ ಆ ಹಾಡಿನ ಪಲ್ಲವಿ ಇಲ್ಲಿ ಹಾಕಬಹುದಾ? ಟ್ಯೂನ್ ಬೇಡ. ಸ್ವರ ಎಲ್ಲಿ ನಿಲ್ಲುತ್ತದೆ ಅಂತ ಹೇಳಿದರೆ ಸಾಕು.

ರಾತ್ರಿ ಬರಹ

ನಾನು ಹಗಲು ಬೇರೆ ಕೆಲಸ ಮಾಡುತ್ತೇನೆ, ರಾತ್ರಿ ಬರೆಯುತ್ತೇನೆ. ‘ಕೆಲಸ ಬಿಡದೆ ಕಲೆ ಬರಲ್ಲ’ ಅನ್ನುವವರ ಮಾತು ನಂಬಬೇಡಿ. ಬಾಡಿಗೆ ಕಟ್ಟೋಕೆ ದುಡ್ಡಿಲ್ಲದಾಗ ಮನುಷ್ಯ ಎಂಥ ಷರತ್ತಿಗೂ ಒಪ್ಪಿಕೊಳ್ಳುತ್ತಾನೆ. ಹಗಲಿನ ಸಂಬಳ ನನಗೆ ಒಂದು ಶಕ್ತಿ ಕೊಟ್ಟಿದೆ, ‘ಇದು ನನಗೆ ಸರಿಹೋಗಲ್ಲ’ ಅಂತ ಹೇಳುವ ಶಕ್ತಿ.

ಅಮೆರಿಕದ ಹಾಡುಗಾರ ಬಿಲ್ ವಿದರ್ಸ್ ಹಾಗೇ ಇದ್ದವರು. ನೌಕಾಪಡೆಯಲ್ಲಿ ಒಂಬತ್ತು ವರ್ಷ ಇದ್ದು, ಆಮೇಲೆ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ದುಡಿಯುತ್ತಾ ಡೆಮೊ, ಅಂದರೆ ಕಂಪನಿಗಳಿಗೆ ಕೇಳಿಸುವ ಮಾದರಿ ರೆಕಾರ್ಡಿಂಗ್ ಮಾಡಿಕೊಂಡರು. 1971ರಲ್ಲಿ ಮೊದಲ ಆಲ್ಬಮ್ ಬಂದಾಗ ಅವರಿಗೆ 32. ಆ ಆಲ್ಬಮ್ಮಿನ ಮುಖಪುಟ ನೋಡಿ. ಕಾರ್ಖಾನೆಯ ಹತ್ತಿರ ನಿಂತಿದ್ದಾರೆ, ಕೈಯಲ್ಲಿ ಊಟದ ಡಬ್ಬಿ. ಹಾಡು ಹೊರಬಂದ ಮೇಲೂ ತಕ್ಷಣ ಕೆಲಸ ಬಿಡಲಿಲ್ಲ. ಸಂಗೀತದ ವ್ಯವಹಾರ ಯಾವಾಗ ಕೈಕೊಡುತ್ತದೋ ಅನ್ನುವ ಎಚ್ಚರ ಅವರಿಗಿತ್ತು.

ಒಂದೇ ಮಾತು. ದಿನಾ ಬರೆಯೋಕೆ ಆಗದಿದ್ದರೆ ಪರವಾಗಿಲ್ಲ. ಬರೆಯುವ ಹೊತ್ತು ಯಾವುದು ಅಂತ ಮನೆಯವರಿಗೆ ಗೊತ್ತಿರಲಿ. ಆ ಹೊತ್ತಲ್ಲಿ ಬೇರೆ ಯಾವ ಕೆಲಸವನ್ನೂ ಒಪ್ಪಿಕೊಳ್ಳಬೇಡಿ.

ಬಿಟ್ಟವಳು

ಎಲ್ಲರೂ ಗೆದ್ದವರ ಕತೆ ಹೇಳುತ್ತಿದ್ದೀರಿ. ಬೇಜಾರಾಗಬೇಡಿ, ಒಂದು ಪ್ರಶ್ನೆ. ಇಷ್ಟೇ ಕಷ್ಟಪಟ್ಟು ಎಲ್ಲೂ ಸೇರದವರ ಕತೆ ಯಾರು ಹೇಳುತ್ತಾರೆ? ನಾನು ಹಾಡು ಬರೆದು ಅವಕಾಶ ಕೇಳುವುದನ್ನು ನಿಲ್ಲಿಸಿದೆ. ಆಮೇಲೆ ನಿದ್ದೆ ಚೆನ್ನಾಗಿ ಬರುತ್ತಿದೆ. ಬಿಡುವುದೂ ಒಂದು ದಾರಿ ಅಂತ ಹೇಳುವವರೂ ಇರಬೇಕು ಅಲ್ವಾ?

ಹಳೆ ಹಾರ್ಮೋನಿಯಂ

ನಿಮ್ಮ ಪ್ರಶ್ನೆ ಸರಿಯಾಗಿದೆ ತಾಯಿ. ಕಷ್ಟಪಟ್ಟವರಿಗೆಲ್ಲ ಸಿಕ್ಕೇ ಸಿಗುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಅದೃಷ್ಟದ ಪಾಲು ದೊಡ್ಡದು. ಪಾಲ್ ಸೈಮನ್ ಮತ್ತು ಆರ್ಟ್ ಗಾರ್ಫಂಕಲ್ ಜೋಡಿಯ ಮೊದಲ ಆಲ್ಬಮ್ 1964ರಲ್ಲಿ ಬಂದು ಮಕಾಡೆ ಮಲಗಿತು. ಸೈಮನ್ ಇಂಗ್ಲೆಂಡಿಗೆ ಹೋದರು, ಗಾರ್ಫಂಕಲ್ ಕಾಲೇಜಿಗೆ ವಾಪಸ್ ಹೋದರು. ಮುಂದಿನ ವರ್ಷ ಅವರ ನಿರ್ಮಾಪಕರು ಇವರಿಬ್ಬರನ್ನೂ ಕೇಳದೆ ಅದರಲ್ಲಿನ ಒಂದು ಹಾಡಿಗೆ ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಸೇರಿಸಿ ಬಿಟ್ಟರು. 1966ರ ಜನವರಿಯಲ್ಲಿ ಅದು ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಅದಕ್ಕೆ ಅವರ ಶ್ರಮ ಎಷ್ಟು, ಅದೃಷ್ಟ ಎಷ್ಟು ಅಂತ ಯಾರು ಅಳೆಯುತ್ತಾರೆ?

ಆದರೆ ಒಂದು ವ್ಯತ್ಯಾಸ ಗಮನಿಸಿ. ನೀವು ನಿಲ್ಲಿಸಿದ್ದು ಅವಕಾಶ ಕೇಳುವುದನ್ನು. ಬರೆಯುವುದನ್ನೂ ನಿಲ್ಲಿಸಿದ್ದೀರಾ? ಅವೆರಡೂ ಬೇರೆ ಬೇರೆ.

ಬಿಟ್ಟವಳು

ಇಲ್ಲ. ಬರೆಯುತ್ತೇನೆ. ಯಾರಿಗೂ ಕಳಿಸುವುದಿಲ್ಲ.

ಹಳೆ ಹಾರ್ಮೋನಿಯಂ

ಹಾಗಾದರೆ ನೀವು ಬಿಟ್ಟವರಲ್ಲ. ಹೆಸರು ಬದಲಿಸಿಕೊಳ್ಳಿ ಅಂತ ಒತ್ತಾಯ ಮಾಡಲ್ಲ. ನಿದ್ದೆ ಮುಖ್ಯ. ಮತ್ತೆ ಕಳಿಸಬೇಕು ಅನ್ನಿಸಿದ ದಿನ ದೊಡ್ಡವರಿಗೇ ಕಳಿಸಬೇಕು ಅಂತೇನಿಲ್ಲ. ನಿಮ್ಮಷ್ಟೇ ಹೊಸಬರಾದ ಸಂಯೋಜಕರನ್ನು ಹುಡುಕಿ. ಅವರಿಗೂ ಸಾಹಿತ್ಯ ಬೇಕು, ಅವರೂ ಬಾಗಿಲು ಬಡಿಯುತ್ತಿದ್ದಾರೆ. ಹತ್ತು ವರ್ಷದ ಮೇಲೆ ಹೆಸರು ಮಾಡುವವರು ಇವತ್ತು ಎಲ್ಲೋ ಒಂದು ಕೋಣೆಯಲ್ಲಿ ಟ್ಯೂನಿಗೆ ತಾತ್ಕಾಲಿಕವಾಗಿ ಕೂರಿಸಿದ ಡಮ್ಮಿ ಸಾಹಿತ್ಯ ಇಟ್ಟುಕೊಂಡು ಹಾಡುತ್ತಿದ್ದಾರೆ.

ಹಕ್ಕಿನ ಕಾಗದ

ತಡವಾಗಿ ನೋಡಿದೆ. ಎಲ್ಲರೂ ಬರಹದ ಬಗ್ಗೆ, ಮನಸ್ಸಿನ ಬಗ್ಗೆ ಮಾತಾಡಿದ್ದೀರಿ. ಕಾಗದದ ಬಗ್ಗೆ ನಾನು ಮಾತಾಡುತ್ತೇನೆ. ಬಹಳ ಜನ ಈ ಕೆಲಸ ಬಿಡೋಕೆ ಕಾರಣ ಹಾಡು ಸೋತಿದ್ದಲ್ಲ. ಹಾಡು ಗೆದ್ದರೂ ದುಡ್ಡು ಬರದೇ ಇರುವುದು.

1847ರ ಪ್ಯಾರಿಸ್ ಕತೆ ಗೊತ್ತಾ? ಎರ್ನೆಸ್ಟ್ ಬೂರ್ಝೆ ಅಂತ ಒಬ್ಬರು, ನಮ್ಮ ಹಾಗೇ ಹಾಡಿಗೆ ಸಾಹಿತ್ಯ ಬರೆಯುವವರು. ಸಂಗೀತದ ಗೆಳೆಯರ ಜೊತೆ ಒಂದು ಕೆಫೆಗೆ ಹೋದರು. ಅಲ್ಲಿ ಇವರ ಹಾಡುಗಳನ್ನೇ ನುಡಿಸುತ್ತಿದ್ದರು. ‘ನಮ್ಮ ಹಾಡಿಗೆ ನೀವು ದುಡ್ಡು ಕೊಡಲ್ಲ, ನಿಮ್ಮ ಪಾನೀಯಕ್ಕೆ ನಾವೂ ಕೊಡಲ್ಲ’ ಅನ್ನುವುದು ಅವರ ವಾದ. ವಿಷಯ ಕೋರ್ಟಿಗೆ ಹೋಯಿತು, ತೀರ್ಪು ಹಾಡು ಬರೆದವರ ಕಡೆ ಬಂತು. 1851ರಲ್ಲಿ ಅಲ್ಲಿ ಹಾಡು ಬರೆದವರ ಪರವಾಗಿ ದುಡ್ಡು ವಸೂಲಿ ಮಾಡಿ ಹಂಚುವ ಹಕ್ಕು ಸಂಘವೇ ಹುಟ್ಟಿತು. ಅದರ ಹೆಸರು ಸಾಸೆಮ್, ಇವತ್ತೂ ಇದೆ. ಹಾಡು ಸಾರ್ವಜನಿಕವಾಗಿ ಕೇಳಿಸಿದಾಗ ಬರೆದವರಿಗೂ ಪಾಲು ಬರಬೇಕು ಅನ್ನುವ ವ್ಯವಸ್ಥೆ ಹೀಗೆ ಬೇರೂರಿತು. ಸಾಹಿತ್ಯ ಬರೆಯುವವರೊಬ್ಬರು ಜಗಳ ಆಡಿದ್ದರಿಂದ.

ಇದರ ಉಲ್ಟಾ ಕತೆ ಅಮೆರಿಕದ ಹಾಡುಗಾರ ರೊಡ್ರಿಗೆಜ್ ಅವರದು. 1970 ಮತ್ತು 1971ರಲ್ಲಿ ಎರಡು ಆಲ್ಬಮ್. ಅಮೆರಿಕದಲ್ಲಿ ಯಾರೂ ಕೇಳಲಿಲ್ಲ, ಕಂಪನಿ ಕೈಬಿಟ್ಟಿತು. ಅವರು ಡೆಟ್ರಾಯಿಟ್‌ನಲ್ಲಿ ಮನೆ ಕೆಡವುವ ಕೂಲಿ ಮಾಡಿಕೊಂಡು ಬದುಕಿದರು. ಅತ್ತ ದಕ್ಷಿಣ ಆಫ್ರಿಕಾದಲ್ಲಿ ಅವರ ಹಾಡು ಮನೆಮಾತಾಗಿತ್ತು. ಅದು ಅವರಿಗೇ ಗೊತ್ತಿರಲಿಲ್ಲ, ದುಡ್ಡೂ ಕೈಗೆ ಬರಲಿಲ್ಲ. 1998ರಲ್ಲಿ ಅಲ್ಲಿ ಹೋಗಿ ಹಾಡಿದಾಗ ಸಾವಿರಾರು ಜನ ಜೊತೆಗೆ ಹಾಡಿದರು. ಇದನ್ನು ಎಲ್ಲರೂ ಛಲದ ಕತೆ ಅಂತ ಹೇಳುತ್ತಾರೆ. ನನಗೆ ಸಿಟ್ಟು ಬರುತ್ತದೆ. ಅಷ್ಟು ವರ್ಷ ಅವರ ಮನೆಗೆ ಬರಬೇಕಿದ್ದ ದುಡ್ಡು ಎಲ್ಲಿ ಹೋಯಿತು?

ಹಾಗಾಗಿ ಇಷ್ಟು ತಿಳಿದಿರಲಿ. ಒಂದು ಹಾಡಿನಲ್ಲಿ ಎರಡು ಬೇರೆ ಆಸ್ತಿಗಳಿವೆ. ಒಂದು ರಚನೆ, ಅಂದರೆ ಸಾಹಿತ್ಯ ಮತ್ತು ಟ್ಯೂನ್. ಇನ್ನೊಂದು ಅದರ ರೆಕಾರ್ಡಿಂಗ್. ರೆಕಾರ್ಡಿಂಗ್ ಕಂಪನಿಯದಾದರೂ ರಚನೆಯಲ್ಲಿ ನಿಮ್ಮ ಪಾಲು ತಾನಾಗಿ ಹೋಗುವುದಿಲ್ಲ, ನೀವು ಸಹಿ ಹಾಕಿ ಬಿಟ್ಟುಕೊಟ್ಟರೆ ಹೋಗುತ್ತದೆ. ರೆಕಾರ್ಡಿಂಗಿಗೆ ಐಎಸ್‌ಆರ್‌ಸಿ ಅಂತ ಒಂದು ಸಂಖ್ಯೆ ಇರುತ್ತದೆ, ರಚನೆಗೆ ಐಎಸ್‌ಡಬ್ಲ್ಯೂಸಿ ಅಂತ ಬೇರೆ ಸಂಖ್ಯೆ. ನಿಮ್ಮ ಹಕ್ಕು ಸಂಘದಲ್ಲಿ ಸದಸ್ಯರಾಗಿ, ಪ್ರತಿ ಹಾಡನ್ನೂ ನಿಮ್ಮ ಪಾಲಿನ ಸಮೇತ ದಾಖಲಿಸಿ. ದಾಖಲಾಗದ ಹಾಡಿನ ದುಡ್ಡು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಬರೆದವರ ಹಕ್ಕಿನ ಬಗ್ಗೆ ದೇಶಗಳು ಮಾಡಿಕೊಂಡ ಬರ್ನ್ ಒಪ್ಪಂದ 1886ರದ್ದು. ಅದಕ್ಕೆ ಸೇರಿದ ದೇಶಗಳಲ್ಲಿ ನೋಂದಣಿ ಇಲ್ಲದೆಯೂ ಬರೆದ ತಕ್ಷಣ ಹಕ್ಕು ಹುಟ್ಟುತ್ತದೆ. ಆದರೆ ನೀವೇ ಬರೆದದ್ದು ಅಂತ ತೋರಿಸೋಕೆ ತಾರೀಖು ಇರುವ ಇಮೇಲ್, ಕರಡು ಪ್ರತಿಗಳು ಬೇಕು. ಕರಡು ಅಳಿಸಬೇಡಿ.

ಮೂರನೇ ಚರಣ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಓದಿದೆ, ಕೆಲವನ್ನು ಮತ್ತೆ ಓದಿದೆ.

ಹಕ್ಕಿನ ಕಾಗದ ಅವರೇ, ಒಂದು ಅಳುಕು. ಹೊಸಬರು ಕಾಗದದ ಮಾತೆತ್ತಿದರೆ ‘ಇವರು ತಲೆನೋವು’ ಅಂತ ಕೆಲಸವೇ ಕೊಡದಿದ್ದರೆ? ಕೇಳುವುದು ಹೇಗೆ?

ಸ್ಟುಡಿಯೋ ಕಿವಿ ಅಣ್ಣ, ಪಲ್ಲವಿ ಇಲ್ಲಿದೆ. ಸಾಲಿನ ಹನ್ನೊಂದನೇ ಮಾತ್ರೆಯಲ್ಲಿ ಸ್ವರ ನಿಲ್ಲುತ್ತದೆ.

ನೆನಪಿನ ಮಳೆ ಸುರಿಯುತಿದೆ ಎದೆಯೊಳಗೆ
ನೀನಿಲ್ಲದ ಬಾಳು ಬರಿದಾಗಿದೆ ಒಳಗೊಳಗೆ

ಎರಡನೇ ಚರಣದಲ್ಲಿ ಹೀಗಿದೆ:

ಬಾಗಿಲ ಹಿಂದೆ ನಿನ್ನ ಕೊಡೆ ಹಾಗೇ ಇದೆ
ಮಳೆ ಬಂದರೂ ನಾನು ನೆನೆದೇ ಹೋಗುವೆ

ಹಕ್ಕಿನ ಕಾಗದ

ಟ್ಯೂನ್ ಬಂದ ದಿನವೇ ಕೇಳಿ, ಹಾಡು ಮುಗಿದ ಮೇಲಲ್ಲ. ಜಗಳದ ದನಿ ಬೇಡ. ನಾನು ಕಳಿಸುವ ಮೆಸೇಜ್ ಸುಮಾರು ಹೀಗಿರುತ್ತದೆ: ‘ಸರ್, ಟ್ಯೂನ್ ಕೇಳಿದೆ, ಇಷ್ಟವಾಯಿತು, ಬರೆಯುತ್ತೇನೆ. ಸಾಹಿತ್ಯ ಬಳಸಿದರೆ ಸಂಭಾವನೆ ಎಷ್ಟು, ಹೆಸರು ಹೇಗೆ ಬರುತ್ತದೆ, ರಚನೆಯಲ್ಲಿ ನನ್ನ ಪಾಲು ಎಷ್ಟು ಅಂತ ಒಂದು ಸಾಲು ಬರೆದು ಕಳಿಸಿ. ಬಳಸದಿದ್ದರೆ ಸಾಹಿತ್ಯ ನನ್ನ ಹತ್ತಿರವೇ ಇರುತ್ತದೆ.’ ಅವರು ‘ಸರಿ’ ಅಂತ ಉತ್ತರಿಸಿದರೂ ಅದು ಒಂದು ದಾಖಲೆ.

ಗೆಳೆಯರ ಜೊತೆ ಸೇರಿ ಬರೆದಾಗಲೂ ಇದು ಬೇಕು. ಯಾರ ಪಾಲು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಅವತ್ತೇ ಸಹಿ ಹಾಕಿ. ಸ್ನೇಹ ಉಳಿಯುತ್ತದೆ. ಇಷ್ಟು ಕೇಳಿದ್ದಕ್ಕೇ ಕೆಲಸ ಕೊಡದವರು ಮುಂದೆ ದುಡ್ಡೂ ಕೊಡುತ್ತಿರಲಿಲ್ಲ.

ಸ್ಟುಡಿಯೋ ಕಿವಿ

ಪಲ್ಲವಿ ಹಾಕಿದ್ದು ಒಳ್ಳೆಯದಾಯಿತು. ನೇರವಾಗಿ ಹೇಳುತ್ತೇನೆ. ‘ನೆನಪಿನ ಮಳೆ’, ‘ಬರಿದಾದ ಬಾಳು’ ನಾನು ದಿನಾ ಕೇಳುವ ಮಾತುಗಳು. ಅದರಲ್ಲಿ ನೀವು ಎಲ್ಲೂ ಇಲ್ಲ. ಆದರೆ ಆ ಕೊಡೆ! ಅದನ್ನು ಯಾಕೆ ಎರಡನೇ ಚರಣದಲ್ಲಿ ಬಚ್ಚಿಟ್ಟಿದ್ದೀರಿ? ಬಿಟ್ಟುಹೋದವರ ಕೊಡೆ ಬಾಗಿಲ ಹಿಂದೆ ಇದೆ, ಮಳೆ ಬಂದರೂ ಅದನ್ನು ಮುಟ್ಟದೆ ನೆನೆದುಕೊಂಡು ಹೋಗುತ್ತಾರೆ. ಇಡೀ ಹಾಡು ಅಲ್ಲೇ ಇದೆ. ಅದನ್ನೇ ಪಲ್ಲವಿ ಮಾಡಿ.

ಈಗ ಕಿವಿಯ ತೊಂದರೆ. ಹನ್ನೊಂದನೇ ಮಾತ್ರೆಗೆ ಸರಿಯಾಗಿ ‘ಕೊಡೆ’ ಬಂದು ಕೂತಿದೆ. ಸ್ವರ ಎಳೆದರೆ ‘ಕೋಡೆ’ ಆಗುತ್ತದೆ. ಎರಡನೇ ಸಾಲಿನಲ್ಲೂ ಅದೇ ಜಾಗದಲ್ಲಿ ‘ನೆನೆದೇ’ ಬಂದಿದೆ, ಅದು ‘ನೇನೆದೇ’ ಆಗುತ್ತದೆ. ಎರಡೂ ಕಡೆ ಉದ್ದ ಅಕ್ಷರ ಬರಬೇಕು.

ಮೂರನೇ ಚರಣ

‘ಕೊಡೆ’ ಬದಲು ‘ಛತ್ರಿ’ ಅಂದರೆ? ಒತ್ತಕ್ಷರ ಇರುವುದರಿಂದ ಮೊದಲ ಅಕ್ಷರ ಗುರು ಆಗುತ್ತದಲ್ಲ.

ಸ್ಟುಡಿಯೋ ಕಿವಿ

ಲೆಕ್ಕ ಸರಿ. ಆದರೆ ‘ನಿನ್ನ ಛತ್ರಿ’ ಅಂದರೆ ಕೇಳುವವರು ನಗುತ್ತಾರೆ, ಆ ಮಾತಿಗೆ ಬೇರೆ ಬಣ್ಣ ಇದೆ. ಕೊಡೆ ಇರಲಿ, ಅದರ ಜಾಗ ಬದಲಿಸಿ. ನಿಲ್ಲುವ ಸ್ವರಕ್ಕೆ ‘ಬಾಗಿಲು’ ಬರುವ ಹಾಗೆ ನೋಡಿ, ‘ಬಾ’ ಮೇಲೆ ಎಷ್ಟು ಹೊತ್ತಾದರೂ ನಿಲ್ಲಬಹುದು.

ರಾತ್ರಿ ಬರಹ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಅಮೆರಿಕದಲ್ಲಿ ಹಾಡು ಬರೆಯುವ ಡಯೇನ್ ವಾರನ್ ನೆನಪಾದರು. ಆಸ್ಕರ್‌ಗೆ ಹದಿನೈದಕ್ಕೂ ಹೆಚ್ಚು ಸಲ ನಾಮನಿರ್ದೇಶನವಾಗಿದ್ದಾರೆ. ಮೊದಲನೆಯದು 1988ರಲ್ಲಿ. 2022ರಲ್ಲಿ ಗೌರವ ಆಸ್ಕರ್ ಕೊಟ್ಟರು. ಅದಾದ ಮೇಲೂ ಅವರ ಹಾಡುಗಳು ಸ್ಪರ್ಧೆಗೆ ಬರುತ್ತಲೇ ಇದ್ದವು. ಮೇಲೆ ಇಬ್ಬರೂ ಎರಡು ಸಾಲಿಗೆ ಇಷ್ಟು ಹೊತ್ತು ಕೂತಿರುವುದು ನೋಡಿ ಅವರ ಬಗ್ಗೆ ಹೇಳಬೇಕು ಅನ್ನಿಸಿತು. ಮುಂದುವರಿಸಿ.

ಮೂರನೇ ಚರಣ

ನಿನ್ನೆ ರಾತ್ರಿ ಕೂತೆ. ಹಾಡಿ ರೆಕಾರ್ಡ್ ಮಾಡಿ ಕೇಳಿದೆ. ಈಗ ಹೀಗಾಗಿದೆ:

ನೀ ಬಿಟ್ಟ ಕೊಡೆ ಅದೇ ಬಾಗಿಲ ಹಿಂದೆ ಇದೆ
ಮಳೆ ಬಂದರೂ ನಾನು ತೋಯುತ್ತ ಹೋಗುವೆ

ಮೊದಲ ಸಾಲಿನಲ್ಲಿ ‘ಬಾ’ ಮೇಲೆ, ಎರಡನೆಯದರಲ್ಲಿ ‘ತೋ’ ಮೇಲೆ ಸ್ವರ ನಿಲ್ಲುತ್ತದೆ. ಎರಡೂ ಹತ್ತೊಂಬತ್ತು ಮಾತ್ರೆ.

ಸ್ಟುಡಿಯೋ ಕಿವಿ

ಇದು ಹಾಡು. ಓದುತ್ತಲೇ ಬಾಯಲ್ಲಿ ಕೂತಿತು. ‘ಅದೇ’ ಅನ್ನುವ ಒಂದು ಪದ ಎಷ್ಟು ಕೆಲಸ ಮಾಡಿದೆ ನೋಡಿ.

ಆ ಹಳೆ ಟ್ಯೂನಿಗೆ ಮಾತ್ರ ಕಳಿಸಬೇಡಿ. ಹೊಸ ಟ್ಯೂನ್ ಬೇಕು. ನಿಮಗೆ ಗೊತ್ತಿರುವ ಸಂಯೋಜಕರು ಯಾರೂ ಇಲ್ಲದಿದ್ದರೆ ಹೇಳಿ.

ಬಿಟ್ಟವಳು

ನಾನು ಟ್ಯೂನ್ ಕೂಡ ಮಾಡುತ್ತೇನೆ. ಈ ಎರಡು ಸಾಲು ಬೆಳಗ್ಗೆಯಿಂದ ತಲೆಯಲ್ಲೇ ಸುತ್ತುತ್ತಿವೆ. ಮೂರನೇ ಚರಣ ಅವರೇ, ನಿಮ್ಮ ಅಭ್ಯಂತರ ಇಲ್ಲದಿದ್ದರೆ ಪ್ರಯತ್ನಿಸಲಾ? ಇಷ್ಟವಾಗದಿದ್ದರೆ ಬೇಡ ಅನ್ನಿ, ಬೇಜಾರಿಲ್ಲ.

ಮೂರನೇ ಚರಣ

ಖಂಡಿತ ಮಾಡಿ. ಪೂರ್ತಿ ಸಾಹಿತ್ಯವನ್ನು ಸಂದೇಶದಲ್ಲಿ ಕಳಿಸುತ್ತಿದ್ದೇನೆ. ಮೊದಲ ಚರಣ ಇನ್ನೂ ಹಳೆಯದೇ ಇದೆ, ಅದನ್ನು ತಿದ್ದಿ ಭಾನುವಾರದೊಳಗೆ ಕೊಡುತ್ತೇನೆ. ಪಾಲಿನ ಹಾಳೆಯನ್ನೂ ಜೊತೆಗೇ ಇಟ್ಟಿದ್ದೇನೆ, ಅರ್ಧ ಅರ್ಧ ಅಂತ ಬರೆದಿದ್ದೇನೆ. ನೋಡಿ ಸಹಿ ಹಾಕಿ.